ಬೀಗದ ಮನೆಗಳ ನೀರಣ್ಣ

ನಮ್ಮ ಊರಿನಲ್ಲಿ ಮುನ್ನೂರ ಹನ್ನೆರಡು ಮನೆಗಳ ಬೀಗದ ಕೈ ಒಬ್ಬನೇ ಮನುಷ್ಯನ ಹತ್ತಿರ ಇತ್ತು. ಅವನ ಸ್ವಂತ ಮನೆಗೆ ಮಾತ್ರ ಬೀಗವೇ ಇರಲಿಲ್ಲ. ಕಳ್ಳ ಬಂದರೆ ಏನು ಮಾಡುತ್ತೀಯ ಎಂದು ಕೇಳಿದರೆ, "ಕಳ್ಳನೂ ಊರು ಬಿಟ್ಟು ಎಂಟು ವರ್ಷ ಆಯ್ತಲ್ಲ," ಎನ್ನುತ್ತಿದ್ದ. ಇದು ತಮಾಷೆಯಲ್ಲ. ಊರಿಗೆಲ್ಲ ಪರಿಚಯವಿದ್ದ ನಮ್ಮ ಒಬ್ಬನೇ ಕಳ್ಳ, ಇಲ್ಲಿ ಕದಿಯಲು ಏನೂ ಉಳಿದಿಲ್ಲವೆಂದು ದೊಡ್ಡ ಊರಿಗೆ ಹೋಗಿ ಯಾವುದೋ ಕಟ್ಟಡಕ್ಕೆ ಕಾವಲುಗಾರನಾಗಿದ್ದಾನೆ.

ಊರಿಗೆ ನೀರು ಬಿಡುವುದು ಅವನ ಕೆಲಸ, ಆದ್ದರಿಂದ ದೊಡ್ಡವರಿಗೂ ಚಿಕ್ಕವರಿಗೂ ಅವನು ನೀರಣ್ಣ. ನಾನು ಪುರಸಭೆ ಕಚೇರಿಯಲ್ಲಿ ಗುಮಾಸ್ತೆ. ಮೂವತ್ತೊಂದು ವರ್ಷದಿಂದ ಒಂದೇ ಕುರ್ಚಿ. ಮೊದಲ ಹತ್ತು ವರ್ಷ ಅವನನ್ನು ನೀವು, ತಾವು ಎಂದೇ ಮಾತಾಡಿಸುತ್ತಿದ್ದೆ. ಒಂದು ಬೆಳಿಗ್ಗೆ ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ನಲ್ಲಿ ನಿಂತುಹೋಯಿತು. ಹಾಗೇ ಟವೆಲ್ ಸುತ್ತಿಕೊಂಡು ಕಚೇರಿಗೆ ಬಂದು ಬಾಯಿಗೆ ಬಂದಂತೆ ಬಯ್ದೆ. ಬಯ್ಯುವಾಗ 'ನೀನು' ಬಂದುಬಿಟ್ಟಿತು. ಆಮೇಲೆ ಅದು ಹಿಂದಕ್ಕೆ ಹೋಗಲಿಲ್ಲ. ಅವನು ನನ್ನನ್ನು ಕಚೇರಿಯೊಳಗೆ ಮೇಡಂ ಎನ್ನುತ್ತಿದ್ದ, ಮೆಟ್ಟಿಲಿಳಿದರೆ ತಂಗಿ.

ಅವನ ಕಥೆ ಹೇಳಬೇಕೆಂದರೆ ಪೈಪಿನ ಕಥೆ ಹೇಳಬೇಕು. ಬೇಸರಪಡಬೇಡಿ, ಬೇಗ ಮುಗಿಸುತ್ತೇನೆ.

ಊರಿನ ಒಂದು ತುದಿಯಲ್ಲಿ ನೀರಿನ ಟ್ಯಾಂಕು. ಇನ್ನೊಂದು ತುದಿಯಲ್ಲಿ ಬಾಟಲಿ ಕಾರ್ಖಾನೆ. ಕಾರ್ಖಾನೆ ನಡೆಯುತ್ತಿದ್ದಾಗ ಊರಿನಲ್ಲಿ ಹನ್ನೆರಡು ಸಾವಿರ ಜನರಿದ್ದೆವು. ಇನ್ನೂ ಹನ್ನೆರಡು ಸಾವಿರ ಬರುತ್ತಾರೆಂದು ನಂಬಿ, ಟ್ಯಾಂಕಿನಿಂದ ಕಾರ್ಖಾನೆಯ ಕಡೆಗೆ ಒಬ್ಬ ಮನುಷ್ಯ ತೂರಬಹುದಾದಷ್ಟು ಅಗಲದ ಪೈಪು ಹಾಕಿದರು. ಹತ್ತೊಂಬತ್ತು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಬರುವವರ ಮಾತು ಹಾಗಿರಲಿ, ಇದ್ದವರೇ ಒಬ್ಬೊಬ್ಬರಾಗಿ ಕಾಲು ಕಿತ್ತರು. ಕಾರ್ಖಾನೆ ಕಡೆಯ ಮೂರು ಬೀದಿಗಳು ಪೂರಾ ಬೀಗ ಹಾಕಿಕೊಂಡವು. ಅವುಗಳ ಆಚೆ, ಕೊಟ್ಟಕೊನೆಯಲ್ಲಿ, ನಮ್ಮ ಬೀದಿಯಲ್ಲಿ ಮಾತ್ರ ಒಂದಷ್ಟು ಮನೆಗಳಲ್ಲಿ ದೀಪ ಉಳಿಯಿತು. ನನ್ನ ಮನೆ ಅಲ್ಲಿ. ನೀರಣ್ಣನದೂ ಅಲ್ಲೇ, ಎದುರು ಸಾಲಿನಲ್ಲಿ ಕೊನೆಯದು.

ಅಗಲವಾದ ಪೈಪಿನಲ್ಲಿ ಕುಡಿಯುವವರು ಕಡಿಮೆಯಾದರೆ ನೀರು ನಡೆಯುವುದಿಲ್ಲ, ನಿಲ್ಲುತ್ತದೆ. ಟ್ಯಾಂಕಿನಿಂದ ಹೊರಟ ನೀರು ನಮ್ಮ ಬೀದಿಗೆ ಬರಲು ಆರೇಳು ದಿನ ಬೇಕಾಗುತ್ತಿತ್ತು. ಅಷ್ಟರಲ್ಲಿ ಅದಕ್ಕೆ ಹಾಕಿದ ಔಷಧಿಯ ಸತ್ವ ಹೋಗಿ, ನೀರು ಹಳಸಿಬಿಡುತ್ತಿತ್ತು. ನೀರೂ ಹಳಸುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಕಂಡುಹಿಡಿದವರು ನಮ್ಮ ಮನೆಯವರು. ಅವರು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಾಟಲಿಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಿದವರು. ಈಗಲೂ ಕೈಗೆ ಲೋಟ ಕೊಟ್ಟರೆ ಕುಡಿಯುವ ಮೊದಲು ಕಿಟಕಿಗೆ ಹಿಡಿಯುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಮೈ ಉರಿಯುತ್ತಿತ್ತು. ಹದಿನೇಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಗೆ ಲೋಟ ಹಿಡಿದವರು, "ಇದ್ಯಾಕೆ ಹಳದಿ ಇದೆ?" ಎಂದರು. ನಾನು, "ಲೋಟ ತೊಳೆದಿಲ್ಲ ಅಂತೀರಾ?" ಎಂದು ಜಗಳಕ್ಕೆ ನಿಂತೆ. ಆ ವಾರ ನಮ್ಮ ಬೀದಿಯಲ್ಲಿ ಏಳು ಜನ ಹಾಸಿಗೆ ಹಿಡಿದರು. ಇಬ್ಬರು ಏಳಲಿಲ್ಲ. ಒಬ್ಬರು ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದ ಮುದುಕರು. ಇನ್ನೊಬ್ಬಳು ನೀರಣ್ಣನ ಹೆಂಡತಿ.

ಅವಳಿಗೆ ನಲವತ್ತು ತುಂಬಿರಲಿಲ್ಲ. ಕಾರ್ಖಾನೆಯಲ್ಲಿ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ನಕ್ಕರೆ ಮೂರನೇ ಮನೆಗೆ ಕೇಳಬೇಕು. ಅಡುಗೆಮನೆಯ ನಲ್ಲಿಯ ಪಕ್ಕ ಮೊಳೆ ಹೊಡೆದು ಒಂದು ಸ್ಟೀಲ್ ಲೋಟ ನೇತುಹಾಕಿದ್ದಳು, ಅಂಚಿಗೆ ತೂತು ಮಾಡಿಸಿ. ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮೊದಲು ಒಂದು ಲೋಟ ನೀರು ಕುಡಿಯುತ್ತಿದ್ದಳು. ಹನ್ನೊಂದು ದಿನ ಮಲಗಿ ಹೋದಳು. ಆಸ್ಪತ್ರೆಯ ಬಾಗಿಲಲ್ಲಿ ನೀರಣ್ಣ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. "ನಾನೇ ಬಿಟ್ಟ ನೀರು, ತಂಗಿ."

ಅಲ್ಲಿಂದ ಶುರುವಾಯಿತು ಅವನ ಸುತ್ತಾಟ. ನೀರು ನಡೆಯಬೇಕಾದರೆ ದಾರಿಯಲ್ಲಿ ಯಾರಾದರೂ ಬಳಸಬೇಕು. ಬಳಸುವವರಿಲ್ಲ. ಬೀದಿಯಲ್ಲೇ ಚೆಲ್ಲೋಣವೆಂದರೆ ಒಂದೇ ದಿನದಲ್ಲಿ ಒಂಬತ್ತು ದೂರು ಬಂದವು, ನೀರು ಪೋಲು ಮಾಡುತ್ತಾನೆಂದು. ಕೊನೆಗೆ ಒಂದು ದಾರಿ ಹುಡುಕಿದ. ಊರು ಬಿಡುವವರು ಹೋಗುವ ಮುಂಚೆ ಹೇಗೂ ಅವನ ಹತ್ತಿರ ಬರುತ್ತಿದ್ದರು, ನಲ್ಲಿ ಬಂದ್ ಮಾಡಿಸಲು. "ಬಂದ್ ಬೇಡ, ಬೀಗದ ಕೈ ಕೊಟ್ಟು ಹೋಗಿ. ವಾರಕ್ಕೊಂದು ಸಲ ನೀರು ಬಿಟ್ಟು ಪೈಪು ಕೆಡದ ಹಾಗೆ ನೋಡ್ಕೋತೀನಿ," ಎನ್ನುತ್ತಿದ್ದ. ಜನಕ್ಕೆ ಅದೊಂದು ಸಮಾಧಾನ. ಮನೆಯನ್ನು ಪೂರ್ತಿ ಬಿಟ್ಟುಹೋಗಲಿಲ್ಲ, ಯಾರೋ ಒಬ್ಬರು ನೋಡಿಕೊಳ್ಳುತ್ತಿದ್ದಾರೆ ಎಂದು. ಮೊದಲೇ ಹೋಗಿದ್ದವರೂ ಕೇಳಿ ತಿಳಿದು ಟಪಾಲಿನಲ್ಲಿ ಕೈ ಕಳಿಸಿದರು. ಪಂಪಿನ ಮನೆಯಲ್ಲಿ ಹಲಗೆ ಹೊಡೆದು, ಮೊಳೆ ಬಡಿದು, ಒಂದೊಂದಕ್ಕೂ ಮನೆ ನಂಬರಿನ ತಗಡು ಕಟ್ಟಿ ನೇತುಹಾಕಿದ.

ವಾರಕ್ಕೆ ಐದು ದಿನ, ದಿನಕ್ಕೆ ಅರವತ್ತು ಮನೆ. ಸೈಕಲ್ಲಿನ ಹ್ಯಾಂಡಲಿಗೆ ಆ ದಿನದ ಗೊಂಚಲು. ಬೀದಿಯ ಒಂದು ತುದಿಯಿಂದ ಒಂದೊಂದೇ ಮನೆಯ ನಲ್ಲಿ ತೆರೆಯುತ್ತ ಹೋಗುವುದು, ವಾಪಸು ಮುಚ್ಚುತ್ತ ಬರುವುದು. ಮೊದಲು ಹಳದಿ ಬರುತ್ತದೆ, ಆಮೇಲೆ ಮಂಕು, ಆಮೇಲೆ ತಿಳಿ. ತಿಳಿಯಾದ ಮೇಲೆ ಮುಚ್ಚಬೇಕು. ಒಮ್ಮೆ ಮಾತ್ರ ಒಂದು ನಲ್ಲಿ ಮರೆತು, ಮೂರು ದಿನ ಹರಿದು, ಆ ಮನೆಯ ಮಂಚದ ಕಾಲು ಊದಿಕೊಂಡಿತು. ಮನೆಯವರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡರೆ ಅವರಿಗೆ ಆ ಮಂಚ ಯಾವುದೆಂದೇ ನೆನಪಿರಲಿಲ್ಲ. ಅವತ್ತು ಅವನು ಇಡೀ ದಿನ ಮುಖ ಊದಿಸಿಕೊಂಡಿದ್ದ. ಬಯ್ದಿದ್ದರೆ ಚೆನ್ನಾಗಿತ್ತು ಎಂದ.

ಪ್ರತಿ ಬೆಳಿಗ್ಗೆ ತನ್ನ ಮನೆಯ ನಲ್ಲಿಯಿಂದ ಆ ಸ್ಟೀಲ್ ಲೋಟದಲ್ಲಿ ಮೊದಲ ನೀರನ್ನು ತಾನೇ ಕುಡಿಯುತ್ತಿದ್ದ. ಆಮೇಲೆಯೇ ನಮ್ಮ ಬೀದಿಯಲ್ಲಿ ಒಲೆ ಹೊತ್ತುತ್ತಿತ್ತು. ಹದಿನೇಳು ವರ್ಷ ನಮ್ಮಲ್ಲಿ ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ.

ಅವನು ಪುರಸಭೆಗೆ ಹನ್ನೊಂದು ಅರ್ಜಿ ಕೊಟ್ಟಿದ್ದ. ಎಲ್ಲದರಲ್ಲೂ ಒಂದೇ ವಿಷಯ: ಕೊನೆಯ ಬೀದಿಗೆ ಸಣ್ಣ ಪೈಪು ಹಾಕಿಕೊಡಿ. ಬಂದ ಅಧ್ಯಕ್ಷರೆಲ್ಲ ನಕ್ಕರು. ಊರೂರಲ್ಲಿ ಜನ ದೊಡ್ಡ ಪೈಪು ಕೇಳುತ್ತಾರೆ, ನಮ್ಮವನು ಸಣ್ಣದು ಕೇಳುತ್ತಾನಲ್ಲ! ಸಣ್ಣ ಪೈಪು ಹಾಕಿದರೆ ಊರು ಸಣ್ಣದಾಯಿತೆಂದು ನಾವೇ ಒಪ್ಪಿಕೊಂಡಂತೆ ಆಗುವುದಿಲ್ಲವೇ? 'ಕಡತಕ್ಕೆ ಸೇರಿಸಿ' ಎಂದು ಬರೆದುಕೊಟ್ಟರು. ನಾನು ಸೇರಿಸಿದೆ. ಹನ್ನೊಂದು ಸಲವೂ ಸೇರಿಸಿದೆ. ಅದೇ ಕೊನೆಯ ಬೀದಿಯಲ್ಲಿ ಅದೇ ನೀರು ಕುಡಿಯುವ ನಾನು ಒಂದು ಸಲವಾದರೂ ಎದ್ದು ನಿಂತು ಮಾತಾಡಬಹುದಿತ್ತು. ಮಾತಾಡಲಿಲ್ಲ. ಅವನು ಹೇಗೂ ನೋಡಿಕೊಳ್ಳುತ್ತಾನಲ್ಲ ಎಂಬ ಧೈರ್ಯ. ನನಗೆ ನಾಚಿಕೆಯಾಗುತ್ತದೆ.

ಇನ್ನೊಂದು ಕೆಲಸವನ್ನೂ ನಾನು ತಲೆ ಎತ್ತದೆ ಮಾಡಿದೆ. ವರ್ಷಕ್ಕೊಮ್ಮೆ ಮೇಲಿನ ಕಚೇರಿಗೆ ಒಂದು ಪಟ್ಟಿ ಹೋಗುತ್ತದೆ: ಯಾವ ಮನೆಯ ನೀರಿನ ಮೀಟರ್ ಓಡಿದೆ, ಯಾವುದು ಓಡಿಲ್ಲ. ಮೀಟರ್ ನೋಡಿ ಬರೆದುಕೊಂಡು ಬರುವವನೂ ನೀರಣ್ಣನೇ, ಬೇರೆ ಸಿಬ್ಬಂದಿ ಎಲ್ಲಿದ್ದಾರೆ? ಅವನು ಬೀಗದ ಮನೆಗಳಲ್ಲಿ ನೀರು ಬಿಟ್ಟಿದ್ದರಿಂದ ಅಲ್ಲಿನ ಮೀಟರ್ ಓಡಿತ್ತು. ಓಡಿದೆ ಎಂದು ಬರೆದ. ನಾನು ಓಡಿದೆ ಎಂದು ಟೈಪ್ ಮಾಡಿದೆ. ಅವನು ಸುಳ್ಳು ಬರೆಯಲಿಲ್ಲ, ನಾನೂ ಸುಳ್ಳು ಹೊಡೆಯಲಿಲ್ಲ. ಓಡಿಸಿದವರು ಯಾರು ಎಂದು ಕೇಳಲು ಪಟ್ಟಿಯಲ್ಲಿ ಜಾಗವಿರಲಿಲ್ಲ.

ಅವನು ನಿವೃತ್ತನಾಗಲು ಮೂರು ತಿಂಗಳಿರುವಾಗ ಮೇಲಿನ ಕಚೇರಿಯಿಂದ ಕಾಗದ ಬಂತು. ಸುತ್ತಮುತ್ತಲ ಸಣ್ಣ ಊರುಗಳಲ್ಲಿ ನೀರು ಬಳಸುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನಿಮ್ಮ ಊರಿನಲ್ಲಿ ಮಾತ್ರ ಹೆಚ್ಚುತ್ತಿವೆ. ಆದ್ದರಿಂದ ಬೆಳೆಯುತ್ತಿರುವ ಊರುಗಳ ಯೋಜನೆಗೆ ನಿಮ್ಮನ್ನು ಆರಿಸಲಾಗಿದೆ. ಇನ್ನೊಂದು ದೊಡ್ಡ ಟ್ಯಾಂಕು, ಈಗಿನದಕ್ಕಿಂತ ಅಗಲದ ಪೈಪು, ಕಾರ್ಖಾನೆಯ ಬಯಲಿನಲ್ಲಿ ನಾನೂರು ಸೈಟು. ಒಂದು ತಿಂಗಳಲ್ಲಿ ಅಧಿಕಾರಿ ಬಂದು ನೋಡಿಕೊಂಡು ಹೋಗುತ್ತಾರೆ.

ಅಧ್ಯಕ್ಷರು ಕಾಗದವನ್ನು ಮೂರು ಸಲ ಓದಿಸಿದರು. ಅವರದು ಮುಖ್ಯ ಬೀದಿಯಲ್ಲಿ ಗ್ಯಾಸ್ ಒಲೆಯ ಅಂಗಡಿ. ಕೆಟ್ಟ ಮನುಷ್ಯರಲ್ಲ. ಗಿರಾಕಿ ಇಲ್ಲದಿದ್ದರೂ ದಿನಾ ಬೆಳಿಗ್ಗೆ ಒಲೆಗಳ ಧೂಳು ಒರೆಸಿ, ಸಾಲಾಗಿ ಜೋಡಿಸಿ, ಸಂಜೆ ಷಟರ್ ಎಳೆಯುತ್ತಿದ್ದರು. ಕಾಗದ ಓದಿಸಿದ ಮೇಲೆ ಅವರ ಕಣ್ಣಲ್ಲಿ ನೀರು. "ನಾವು ಸತ್ತಿಲ್ಲ ಕಣಮ್ಮ. ಕಾಗದದಲ್ಲೇ ಇದೆ ನೋಡು," ಎಂದರು. ಸುಳ್ಳೇಕೆ ಹೇಳಲಿ, ನಾನೂ ಕಾಗದವನ್ನು ನಾಲ್ಕನೇ ಸಲ ಓದಿಕೊಂಡೆ. ಬೀದಿಯಲ್ಲಿ ಮತ್ತೆ ಜನ, ಶಾಲೆಯಲ್ಲಿ ಮಕ್ಕಳು, ಬಸ್ಸು ದಿನಕ್ಕೆ ಎರಡು ಸಲದ ಬದಲು ಹತ್ತು ಸಲ. ಒಂದು ಗಂಟೆ ನಾನೂ ಕನಸು ಕಂಡೆ.

ಮಧ್ಯಾಹ್ನ ನೀರಣ್ಣ ಬಂದ. ಕಾಗದ ಓದಿ ಹೇಳಿದೆ. ಅವನು ಎದುರಿನ ಬೆಂಚಿನ ಮೇಲೆ ಕುಸಿದು ಕೂತ.

"ಮೇಡಂ, ಹೆಚ್ಚಿರೋದು ಮನೆಗಳಲ್ಲ. ಬೀಗದ ಕೈಗಳು," ಎಂದ.

ನನಗೆ ಆಗ ಹೊಳೆಯಿತು. ಎಂದೋ ಮೀಟರ್ ನಿಂತುಹೋಗಿದ್ದ ಮನೆಗಳಿಂದ ಪ್ರತಿ ವರ್ಷ ಹೊಸದಾಗಿ ಹಲಗೆಗೆ ಬಂದ ಹದಿನೈದು, ಇಪ್ಪತ್ತು ಕೈಗಳು. ನಮ್ಮ ಊರು ಬೆಳೆದದ್ದು ಅಷ್ಟೇ.

ಅಧ್ಯಕ್ಷರು ಒಳಗಿನಿಂದ ಬಂದು ಎಲ್ಲ ಕೇಳಿಸಿಕೊಂಡರು. ಬಾಗಿಲು ಹಾಕಿ ಬಂದು, ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು.

"ನೀರಣ್ಣ, ಇದನ್ನ ಹೊರಗೆ ಆಡಬೇಡ. ಪೈಪು ಬರ್ಲಿ. ಪೈಪು ಬಂದ್ರೆ ಜನ ಬರ್ತಾರೆ."

"ದೊಡ್ಡ ಪೈಪು ಈಗಲೂ ಇದೆಯಲ್ಲ ಸಾರ್. ಯಾರು ಬಂದ್ರು?"

"ಈ ಸಲ ಬರ್ತಾರೆ."

"ಬರೋವರೆಗೆ ನಮ್ಮ ಬೀದಿಯೋರು ಏನು ಕುಡೀಬೇಕು? ಇದಕ್ಕಿಂತ ಅಗಲದ್ದು ಹಾಕಿದ್ರೆ ನೀರು ಹದಿನೈದು ದಿನ ಒಳಗೇ ಕೊಳೀತದೆ. ನಾನು ಮೂರು ತಿಂಗಳಿಗೆ ಮನೆಗೆ ಹೋಗ್ತೀನಿ. ನನ್ನ ಜಾಗಕ್ಕೆ ಯಾರನ್ನ ತಗೋತೀರಿ?"

ಅವನ ಹುದ್ದೆ ಅವನೊಂದಿಗೇ ಮುಗಿಯುತ್ತದೆ ಎಂಬ ಆದೇಶ ನನ್ನ ಡ್ರಾಯರಿನಲ್ಲೇ ಇತ್ತು. ಅಧ್ಯಕ್ಷರು, "ಈಗ ನಿಜ ಹೇಳಿದ್ರೆ ಊರಿಗೆ ಬಾಗಿಲು ಹಾಕಿದ ಹಾಗೆ. ಆ ಪಾಪ ನಿನಗೆ ಬೇಕಾ?" ಎಂದು ಕೇಳಿ ಎದ್ದುಹೋದರು. ನೀರಣ್ಣ ಬೆಂಚಿನ ಮೇಲೆಯೇ ಕೂತಿದ್ದ. ಅವನಿಗೆ ಅರವತ್ತು ವರ್ಷವೆಂದು ನನಗೆ ಅವತ್ತು ಕಂಡಿತು.

ಅಧಿಕಾರಿ ಬರುವ ದಿನಕ್ಕೆ ಊರು ತಯಾರಾದ ರೀತಿ ನೋಡಬೇಕಿತ್ತು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಬೀಗ ಹಾಕಿದ ಮನೆಗಳ ಮುಂದೆ ಕಸ ಗುಡಿಸಿದರು. ಅಂಗಳದ ತಂತಿಗಳ ಮೇಲೆ ತಮ್ಮ ತಮ್ಮ ಮನೆಯ ಬಟ್ಟೆ ಒಗೆದು ತಂದು ಹರವಿದರು. ಒಬ್ಬರು ಬಾಗಿಲಲ್ಲಿ ಮಕ್ಕಳ ಚಪ್ಪಲಿ ಬಿಟ್ಟರು. ಆ ಮಕ್ಕಳಿಗೆ ಈಗ ಮೂವತ್ತು ವರ್ಷ. ನಮ್ಮ ಬೀದಿಯ ನಿವೃತ್ತ ಟೀಚರಮ್ಮ ಪಕ್ಕದ ಪಾಳು ಮನೆಯ ಕಿಟಕಿಯಲ್ಲಿ ರೇಡಿಯೋ ಇಟ್ಟು ಜೋರಾಗಿ ಹಚ್ಚಿದರು. ನಾನೂ ಎರಡು ಬೆಡ್‌ಶೀಟ್ ಒಣಗಹಾಕಿದೆ. ಹಾಕುವಾಗ ಬೆನ್ನ ಹಿಂದೆ ಸೈಕಲ್ ನಿಂತ ಸದ್ದಾಯಿತು. ನೀರಣ್ಣ ಇಳಿದು ಬಂದ. ತಂತಿಯ ತುದಿಯಲ್ಲಿ ನೆಲಕ್ಕೆ ತಾಗುತ್ತಿದ್ದ ಬೆಡ್‌ಶೀಟನ್ನು ಎತ್ತಿ ಸರಿಮಾಡಿ ಹೋದ. ಒಂದು ಬೆಳಗಿನ ಮಟ್ಟಿಗೆ ಆ ಮೂರು ಬೀದಿಗಳು ಎಷ್ಟು ಚೆನ್ನಾಗಿ ಕಾಣುತ್ತಿದ್ದವೆಂದರೆ, ಕದ ತಟ್ಟಿದರೆ ಯಾರಾದರೂ ಬಂದು ತೆಗೆದಾರು ಎನಿಸುತ್ತಿತ್ತು.

ಅಧಿಕಾರಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವತ್ತು ಅವರಿಗೆ ಅದು ನಾಲ್ಕನೇ ಊರಂತೆ. ಕಾರಿನಿಂದ ಇಳಿಯುವಾಗಲೇ ಸುಸ್ತಾಗಿದ್ದರು. ಅಧ್ಯಕ್ಷರು ಮುಂದೆ, ನಾನು ಕಡತ ಹಿಡಿದು ಹಿಂದೆ, ನೀರಣ್ಣ ಸೈಕಲ್ ತಳ್ಳಿಕೊಂಡು ಎಲ್ಲರಿಗಿಂತ ಹಿಂದೆ. ಬಟ್ಟೆ ನೋಡಿದರು, ಗುಡಿಸಿದ ಅಂಗಳ ನೋಡಿದರು, ತಲೆಯಾಡಿಸಿ ಬರೆದುಕೊಂಡರು. ಎರಡನೇ ಬೀದಿಯ ನಡುವೆ ನಿಂತು, "ಒಂದು ಮನೆಯಲ್ಲಿ ನಲ್ಲಿ ನೋಡ್ಬೇಕಲ್ಲ. ಈ ಮನೆ ಆಗುತ್ತಾ?" ಎಂದು ಕೈ ತೋರಿಸಿದರು.

ಬಾಗಿಲಿಗೆ ಬೀಗ. ಅಧ್ಯಕ್ಷರು, "ಎಲ್ಲೋ ಹೊರಗೆ ಹೋಗಿದ್ದಾರೆ ಅನ್ಸುತ್ತೆ, ಬೇರೆ ಮನೆ ನೋಡೋಣ," ಎನ್ನುತ್ತಿದ್ದಂತೆ, ನೀರಣ್ಣ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹ್ಯಾಂಡಲಿನ ಗೊಂಚಲಿನಿಂದ ಕಣ್ಣುಮುಚ್ಚಿ ತೆಗೆದಂತೆ ಒಂದು ಕೈ ತೆಗೆದು ಬೀಗಕ್ಕೆ ಹಾಕಿಬಿಟ್ಟ.

ಬೇಕೆಂದು ಮಾಡಿದನೇ ಎಂದು ಊರೇ ಆಮೇಲೆ ಜಗಳವಾಡಿತು. ಇಲ್ಲ. ಅಲ್ಲೇ ಪಕ್ಕದಲ್ಲಿದ್ದವಳು ನಾನು. ಯಾರೋ ನಲ್ಲಿ ಎಂದರು, ಎದುರಿಗೆ ಬೀಗವಿತ್ತು, ಹದಿನೇಳು ವರ್ಷದ ಅಭ್ಯಾಸ ಕೈ ಚಾಚಿತು. ಬಾಗಿಲು ತೆರೆದುಕೊಂಡ ಮೇಲೆಯೇ ಅವನಿಗೆ ತಾನೇನು ಮಾಡಿದೆನೆಂದು ತಿಳಿದದ್ದು. ಊರಿಗೆ ಊರೇ ಬಟ್ಟೆ ಒಗೆದು ಹರವಿತ್ತು, ಗೊಂಚಲನ್ನು ಮನೆಯಲ್ಲಿಟ್ಟು ಬಾ ಎಂದು ಅವನಿಗೆ ಹೇಳುವುದು ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ. ಆ ಗೊಂಚಲನ್ನು ನಾವು ನೋಡಿ ನೋಡಿ, ಅದು ಸೈಕಲ್ಲಿನ ಬೆಲ್ಲಿನ ಹಾಗೆ ಆಗಿಹೋಗಿತ್ತು.

ಒಳಗೆ ಕತ್ತಲೆ, ಮುಗ್ಗಲು ವಾಸನೆ. ಅವನು ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ಹಳದಿ ನೀರು ಬಂತು. ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು. ಅವನು, "ಸ್ವಲ್ಪ ತಡೀರಮ್ಮ, ತಿಳಿಯಾಗುತ್ತೆ," ಎಂದು ಕಾದ. ನಾವೆಲ್ಲ ಕಾದೆವು. ತಿಳಿಯಾದ ಮೇಲೆ ಮುಚ್ಚಿದ.

"ಈ ಮನೆ ಕೈ ನಿಮ್ಮ ಹತ್ರ ಯಾಕಿದೆ?" ಅಧಿಕಾರಿ ಕೇಳಿದರು.

"ನನ್ನ ಹತ್ರ ಮುನ್ನೂರ ಹನ್ನೆರಡಿವೆ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಹೆಂಡತಿಯ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಿದ. ಅಧ್ಯಕ್ಷರು ಗೋಡೆಗೆ ಒರಗಿ ನಿಂತಿದ್ದರು, ಅವನನ್ನು ತಡೆಯಲಿಲ್ಲ. ಹೇಳಿ ಮುಗಿಸಿ ಕೊನೆಗೆ, "ನಮಗೆ ದೊಡ್ಡದು ಬೇಡಮ್ಮ, ಒಂದು ಸಣ್ಣ ಪೈಪು ಹಾಕಿಸಿಕೊಡಿ," ಎಂದು ಹನ್ನೆರಡನೇ ಅರ್ಜಿಯನ್ನು ಬಾಯಲ್ಲೇ ಕೊಟ್ಟ.

ಅಧಿಕಾರಿ ಪೆನ್ನು ಮುಚ್ಚಿದರು. "ಸಣ್ಣದು ಮಾಡೋಕೆ ನಮ್ಮಲ್ಲಿ ಯೋಜನೆನೇ ಇಲ್ಲ. ದೊಡ್ಡದು ಮಾಡೋಕೆ ಮಾತ್ರ ಇದೆ. ಇವತ್ತು ನೋಡಿದ ನಾಲ್ಕು ಊರಲ್ಲೂ ಇದೇ ಕಥೆ. ನಾನು ನಿಜ ಬರೆದ್ರೆ ನಿಮಗೆ ದೊಡ್ಡ ಪೈಪೂ ಇಲ್ಲ, ಸಣ್ಣದೂ ಇಲ್ಲ. ಏನು ಬರೀಲಿ ಹೇಳಿ. ಕೊನೆ ಬೀದಿಯಲ್ಲಿ ಎಷ್ಟು ಜನ ಇದ್ದೀರಿ?"

ನೀರಣ್ಣ ನನ್ನ ಕಡೆ ತಿರುಗಿದ. ಸರಕಾರಿ ಕೆಲಸದ ನಡುವೆ ಅವನು ನನ್ನನ್ನು ತಂಗಿ ಎಂದು ಕರೆದದ್ದು ಅದೇ ಮೊದಲು. "ನೀನು ಹೇಳು ತಂಗಿ. ಲೆಕ್ಕ ಬರೆಯೋಳು ನೀನು, ಆ ನೀರು ಕುಡಿಯೋಳೂ ನೀನೇ."

ಕಡತ ನನ್ನ ಕೈಯಲ್ಲಿತ್ತು. ಅದರಲ್ಲಿ ನಮ್ಮ ಕೊನೆಯ ಬೀದಿಗೆ ನಲವತ್ತಾರು ಮನೆ ಎಂದು ನಾನೇ ಟೈಪ್ ಮಾಡಿದ್ದೆ. ಅಧ್ಯಕ್ಷರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಅಂಗಡಿಯಲ್ಲಿ ಸಾಲಾಗಿ ಕೂತ ಒಲೆಗಳು ನನ್ನ ಕಣ್ಣ ಮುಂದೆ ಬಂದವು. ನೀರಣ್ಣನ ಹೆಂಡತಿಯೂ ಬಂದಳು. ಕಡತ ಮುಚ್ಚಿದೆ.

"ಹನ್ನೊಂದು ಜನ," ಎಂದೆ.

ಯೋಜನೆ ಬೇರೆ ಊರಿಗೆ ಹೋಯಿತು. ಆ ಊರು ನಮಗಿಂತ ಹೇಗೆ ಬೆಳೆಯುತ್ತಿದೆಯೋ ಕಾಣೆ. ನಮ್ಮ ಜನ ನೀರಣ್ಣನ ಮೇಲೆ ಕಿಡಿಕಾರಿದರು. ಕ್ಷೌರದ ಅಂಗಡಿಯವನು ಅವನನ್ನು ಎರಡು ಗಂಟೆ ಕೂರಿಸಿ ಕತ್ತರಿ ಮೊಂಡಾಗಿದೆ ಎಂದು ಕಳಿಸಿದ. ನನ್ನನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅಧ್ಯಕ್ಷರು ಕಚೇರಿಗೆ ಬಂದರೂ ನನ್ನ ಮೇಜಿನ ಕಡೆ ನೋಡುತ್ತಿರಲಿಲ್ಲ. ಊರಿನ ಆಸೆಯನ್ನು ನಾವಿಬ್ಬರೂ ಸೇರಿ ನೀರಿಗೆ ಹಾಕಿದೆವು ಎಂದು ನನಗೂ ಒಮ್ಮೊಮ್ಮೆ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ.

ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಆಮೇಲೆ ನಲ್ಲಿ ತೆರೆಯುವವರಿಲ್ಲ. ಇವನಿನ್ನು ಏನು ಮಾಡುತ್ತಾನೋ ಎಂದು ನಾನು ನೋಡುತ್ತಿದ್ದೆ. ಅವನು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು, ಫೋನ್ ನಂಬರುಗಳ ಹಳೆಯ ಪುಸ್ತಕ ಬಿಚ್ಚಿಕೊಂಡು ಕೂತ. ಟ್ಯಾಂಕಿನ ಪಕ್ಕದ ಬೀದಿಯಲ್ಲೂ ಹದಿನೈದಿಪ್ಪತ್ತು ಬೀಗದ ಮನೆಗಳಿದ್ದವು. ಅಲ್ಲಿ ಸುತ್ತಮುತ್ತ ಜನರಿದ್ದಾರೆ, ನೀರು ಒಂದೇ ದಿನದ್ದು. ಆ ಮನೆಗಳವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದ.

"ಇಷ್ಟು ವರ್ಷ ನಿಮ್ಮನೇಲಿ ನೀರು ಬಿಡ್ತಿದ್ದೆ. ಈಗ ಮನುಷ್ಯರನ್ನೇ ಬಿಡ್ತೀನಿ ಅಂತಿದ್ದೀನಿ, ಆಗಬಹುದಾ?"

ಒಬ್ಬರನ್ನು ಬಿಟ್ಟು ಎಲ್ಲರೂ ಆಗಲಿ ಎಂದರು. ಆ ಒಬ್ಬರೂ ಹೆಂಡತಿಯನ್ನು ಕೇಳಿ ಹೇಳುತ್ತೇನೆಂದು ಸಂಜೆ ಒಪ್ಪಿದರು. ಪೈಪನ್ನು ಊರಿಗೆ ತಕ್ಕಂತೆ ಮಾಡಲು ಆಗದಿದ್ದರೆ ಊರನ್ನೇ ಪೈಪಿಗೆ ತಕ್ಕಂತೆ ಮಾಡಬಹುದು ಎಂದು ಯಾವ ಎಂಜಿನಿಯರಿಗೂ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ, ಬೈಯುವುದೇಕೆ?

ಫೋನಿನಲ್ಲಿ ಒಪ್ಪಿಸುವುದು ಸುಲಭವಾಯಿತು, ನಮ್ಮನ್ನು ಒಪ್ಪಿಸುವುದೇ ಕಷ್ಟ. ಟೀಚರಮ್ಮ, "ನಾನು ಇಲ್ಲೇ ಸಾಯ್ತೀನಿ," ಎಂದರು. ನಮ್ಮ ಮನೆಯವರು ಲೋಟವನ್ನು ಕಿಟಕಿಗೆ ಹಿಡಿದು, "ನೀರು ಚೆನ್ನಾಗೇ ಇದೆಯಲ್ಲ," ಎಂದರು. ನಾನೂ ಅಡ್ಡ ಮಾತಾಡಿದೆ, ಇಪ್ಪತ್ತೆಂಟು ವರ್ಷದ ಮನೆ. ನೀರಣ್ಣ ಯಾರ ಹತ್ತಿರವೂ ವಾದ ಮಾಡಲಿಲ್ಲ. ಎಲ್ಲರ ಮಾತು ಮುಗಿದ ಮೇಲೆ, "ನಾನೂ ಬರ್ತೀನಿ," ಎಂದ.

ಅಲ್ಲಿಗೆ ನಮ್ಮ ಅಡ್ಡ ಮಾತು ಮುಗಿಯಿತು. ಅವನ ಮನೆಯಲ್ಲಿ ಹದಿನೇಳು ವರ್ಷದಿಂದ ಹೆಂಡತಿಯ ಚಪ್ಪಲಿ ಬಾಗಿಲ ಹಿಂದೆ ಹಾಗೇ ಇತ್ತು. ಯಾರು ಹೊರಟರೂ ಅವನು ಹೊರಡುವುದಿಲ್ಲ ಎಂದೇ ನಾವು ತಿಳಿದಿದ್ದೆವು.

ಸಾಮಾನು ಸಾಗಿಸಲು ಮೊದಲ ದಿನ ಒಂದು ವ್ಯಾನು ಬಂದು ನಿಂತಿತು. ಒಲೆ ಸಾಗಿಸುವ ವ್ಯಾನು. ಅಧ್ಯಕ್ಷರೇ ಓಡಿಸಿಕೊಂಡು ಬಂದಿದ್ದರು. ಇಳಿದವರು ಯಾರ ಮುಖವನ್ನೂ ನೋಡದೆ ಟೀಚರಮ್ಮನ ಬೀರುವಿಗೆ ಕೈ ಹಾಕಿದರು. "ಹೇಗೂ ಖಾಲಿ ನಿಂತಿತ್ತು," ಎಂದರು. ವ್ಯಾನಿನ ಮಾತೋ, ತಮ್ಮ ಮಾತೋ, ನಾವು ಕೇಳಲಿಲ್ಲ. ಒಂದು ತಿಂಗಳಲ್ಲಿ ನೀರಣ್ಣನನ್ನು ಬಿಟ್ಟು ಉಳಿದ ಹತ್ತು ಜನ ಟ್ಯಾಂಕಿನ ಪಕ್ಕಕ್ಕೆ ಬಂದೆವು. ಹೊಸ ಮನೆಯ ಗೋಡೆಯ ಮೇಲೆ, ಬಿಟ್ಟುಹೋದವರ ಹನ್ನೆರಡು ವರ್ಷ ಹಳೆಯ ಕ್ಯಾಲೆಂಡರು ಹಾಗೇ ಇದೆ. ತೆಗೆಯಲು ನನಗೆ ಮನಸ್ಸು ಬಂದಿಲ್ಲ.

ಅವನ ಕೆಲಸದ ಕೊನೆಯ ದಿನ ಬೆಳಿಗ್ಗೆ ನಾನು ಆ ಬೀದಿಗೆ ಹೋದೆ. ಗುಡಿಸಿಡಲು ಇಸಕೊಂಡಿದ್ದ ಅವನ ಹೊಸ ಮನೆಯ ಕೈ ವಾಪಸು ಕೊಡಬೇಕಿತ್ತು ಎಂಬುದು ನೆಪ. ಒಂದು ಗಂಟು, ಒಂದು ಟ್ರಂಕು ಅಂಗಳದಲ್ಲಿದ್ದವು. ಅವನು ಅಡುಗೆಮನೆಯಲ್ಲಿದ್ದ. ನಲ್ಲಿ ತಿರುಗಿಸಿ ನಿಂತಿದ್ದ. ಹಳದಿ ಬಂತು, ಮಂಕು ಬಂತು. ತಿಳಿಯಾಗುವವರೆಗೂ ನಿಂತು, ಮೊಳೆಯಿಂದ ಸ್ಟೀಲ್ ಲೋಟ ತೆಗೆದು, ತುಂಬಿಸಿ ಕುಡಿದ. ಇನ್ನೊಂದು ಲೋಟ ತುಂಬಿಸಿ ಕೈಯಲ್ಲಿ ಹಿಡಿದುಕೊಂಡೇ ಇದ್ದ. "ಅವಳಿಗೆ ಈ ಥರದ ನೀರು ಕೊಡೋಕಾಗಲಿಲ್ಲ, ತಂಗಿ," ಎಂದು ಹೇಳಿ, ಲೋಟವನ್ನು ನನಗೆ ಕೊಟ್ಟ. ನಾನು ಕುಡಿದೆ. ಅಳುತ್ತ ಕುಡಿದದ್ದರಿಂದ ನೆತ್ತಿಗೆ ಹತ್ತಿತು.

ಲೋಟವನ್ನು ತೊಳೆದು ಮತ್ತೆ ಮೊಳೆಗೇ ಹಾಕಿದ. ಹೊರಗೆ ಬಂದು ಜೇಬಿನಿಂದ ಹೊಸ ಬೀಗ ತೆಗೆದ, ಇನ್ನೂ ಎಣ್ಣೆಯ ಕಾಗದ ಸುತ್ತಿತ್ತು. ಆ ಬಾಗಿಲು ಚಿಲಕ ಕಂಡಿತ್ತೇ ಹೊರತು ಬೀಗ ಕಂಡಿರಲಿಲ್ಲ. ಕೊಂಡಿಗೆ ಹೊಂದಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮುನ್ನೂರ ಹನ್ನೆರಡು ಮನೆಗಳಲ್ಲಿ ಕಣ್ಣುಮುಚ್ಚಿ ಬೀಗ ಹಾಕುತ್ತಿದ್ದವನ ಕೈ ಅವತ್ತು ಎರಡು ಸಲ ತಪ್ಪಿತು. ಆಮೇಲೆ ಬೀದಿ ಶುರುವಾಗುವ ಕಡೆ ನಡೆದುಬಂದು, ಗುಂಡಿಯ ಮುಚ್ಚಳ ಎತ್ತಿ, ಮೇಲೆ ಅಡ್ಡಹಿಡಿಯಿದ್ದ ಕಬ್ಬಿಣದ ಸಲಾಕೆ ಹಾಕಿ ವಾಲ್ವ್ ತಿರುಗಿಸಲು ಶುರುಮಾಡಿದ. ನಾನೂ ಒಂದು ಕಡೆ ಹಿಡಿದೆ. ಮೂವತ್ತನಾಲ್ಕು ಸುತ್ತು. ಒಳಗೆ ಏನೋ ಗರಗರ ಎಂದು ಸದ್ದಾಗಿ ನಿಂತಿತು.

ಸೊಂಟ ಹಿಡಿದುಕೊಂಡು ಎದ್ದ. ಹೊಸ ಬೀಗದ ಕೈಗೆ ಆಗಲೇ ತಗಡಿನ ನಂಬರು ಕಟ್ಟಿದ್ದ. ಅದನ್ನು ನನ್ನ ಅಂಗೈಯಲ್ಲಿಟ್ಟ.

"ಇದು ನಿನ್ನ ಹತ್ರ ಇರ್ಲಿ."

ಊರು ಬಿಡುವವರಿಗೆಲ್ಲ ಅವನು ಹೇಳುತ್ತಿದ್ದ ಮಾತೇ ನನ್ನ ಬಾಯಿಗೆ ಬಂತು. "ವಾರಕ್ಕೊಂದ್ಸಲ ಹೋಗಿ ನಲ್ಲಿ ಬಿಡ್ಲಾ?" ಎಂದು ಕೇಳಿಬಿಟ್ಟೆ.

ಅವನು ಮುಚ್ಚಿದ ವಾಲ್ವನ್ನು ನೋಡಿದ, ನನ್ನನ್ನು ನೋಡಿದ.

"ಈಗ ತಾನೇ ಇಬ್ಬರೂ ಸೇರಿ ಮುಚ್ಚಿದ್ವಲ್ಲ, ತಂಗಿ," ಎಂದ. "ಬಾ, ಹೋಗೋಣ."